ಜಾಹೀರಾತು ಮತ್ತು ಮಾತಿನ ಮನವೊಲಿಕೆ: ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳ ಗ್ರಾಹಕರಿಗೆ ಮಾಹಿತಿ

1. ಪೀಠಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿವೆ. ಮಳೆಯಾಶ್ರಿತ ಶೇಂಗಾ ಬೆಳೆಯುವ ಬಹುಪಾಲು ಕುಟುಂಬಗಳಿಗೆ ವರ್ಷದಲ್ಲಿ ಒಮ್ಮೆ ಮಾತ್ರ ಒಟ್ಟು ಮೊತ್ತದ ಹಣ ಕೈಗೆ ಬರುತ್ತದೆ. ಬಿತ್ತನೆಗೆ ಮುಂಚೆ ಬೀಜ ಮತ್ತು ಗೊಬ್ಬರದ ಜಾಹೀರಾತುಗಳೂ, ಫಸಲು ಮಾರಿದ ನಂತರ ಚಿನ್ನ, ಸೀರೆ, ನಿವೇಶನ ಹಾಗೂ ಠೇವಣಿ ಯೋಜನೆಗಳ ಜಾಹೀರಾತುಗಳೂ ಇದೇ ಹಣವನ್ನು ಗುರಿಯಾಗಿಸಿಕೊಂಡು ಬರುತ್ತವೆ. ಒಂದು ತಪ್ಪು ನಿರ್ಧಾರದಿಂದ ಒಂದು ವರ್ಷದ ದುಡಿಮೆ ನಷ್ಟವಾಗುವ ಸಂಭವವಿರುತ್ತದೆ.

ಆದುದರಿಂದ ಜಾಹೀರಾತು, ಭಾಷಣ ಮತ್ತು ಮಾರಾಟಗಾರರ ಮಾತುಗಳಲ್ಲಿ ಅಡಗಿರುವ ಮನವೊಲಿಕೆಯ ಕ್ರಮಗಳನ್ನು ಗುರುತಿಸುವ ಬಗೆ, ಅವುಗಳನ್ನು ಪರಿಶೀಲಿಸುವ ವಿಧಾನ ಹಾಗೂ ನಷ್ಟವಾದಲ್ಲಿ ಪರಿಹಾರ ಪಡೆಯುವ ಮಾರ್ಗಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2. ಮನವೊಲಿಕೆ ಎಂದರೇನು?

ಕೇಳುವವರು ಒಂದು ಮಾತನ್ನು ನಂಬುವಂತೆ ಅಥವಾ ಒಂದು ಕಾರ್ಯವನ್ನು ಮಾಡುವಂತೆ ಮಾತು, ಚಿತ್ರ, ಹಾಡು ಮುಂತಾದವುಗಳ ಮೂಲಕ ಒಪ್ಪಿಸುವುದೇ ಮನವೊಲಿಕೆ. ಇದು ಸ್ವತಃ ದೋಷವಲ್ಲ. ಪೋಲಿಯೋ ಹನಿ ಹಾಕಿಸಿ ಎಂದು ಆರೋಗ್ಯ ಇಲಾಖೆಯು ಕೋರುವುದೂ, ಮಗುವನ್ನು ಶಾಲೆಗೆ ಸೇರಿಸಿ ಎಂದು ಶಿಕ್ಷಕರು ಮನೆಮನೆಗೆ ತೆರಳಿ ಹೇಳುವುದೂ ಮನವೊಲಿಕೆಯೇ ಆಗಿದೆ.

ಪ್ರತಿಯೊಂದು ಜಾಹೀರಾತಿನಲ್ಲಿಯೂ ಎರಡು ಭಾಗಗಳಿರುತ್ತವೆ.

(ಅ) ಸೆಳೆತ: ಮನಸ್ಸನ್ನು ಹತ್ತಿರಕ್ಕೆ ತರುವ ಭಾಗ. ಉದಾಹರಣೆಗೆ ನಟರ ಮುಖ, ಮದುವೆಯ ದೃಶ್ಯ, ಊರಿನ ಹೆಸರು, ‘ಇಂದೇ ಕೊನೆಯ ದಿನ’ ಎಂಬ ಮಾತು.

(ಆ) ಹೇಳಿಕೆ: ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದಾದ ಭಾಗ. ಉದಾಹರಣೆಗೆ ‘ಶುದ್ಧ ರೇಷ್ಮೆ’, ‘ಎಕರೆಗೆ 20 ಕ್ವಿಂಟಾಲ್ ಇಳುವರಿ’, ‘ತಿಂಗಳಿಗೆ ಶೇ. 5 ಬಡ್ಡಿ’.

ಸೆಳೆತವನ್ನು ಬದಿಗಿಟ್ಟು ಹೇಳಿಕೆಯನ್ನು ಮಾತ್ರ ಒಂದು ಕಾಗದದ ಮೇಲೆ ಬರೆದುಕೊಂಡು ಅದಕ್ಕೆ ಆಧಾರ ಕೇಳುವುದೇ ಗ್ರಾಹಕರ ಮೊದಲ ರಕ್ಷಣೆಯಾಗಿದೆ. ಬರೆದುಕೊಳ್ಳಲು ಒಂದು ಹೇಳಿಕೆಯೂ ಸಿಗದಿದ್ದಲ್ಲಿ ಆ ಜಾಹೀರಾತು ಏನನ್ನೂ ವಾಗ್ದಾನ ಮಾಡಿಲ್ಲವೆಂದು ತಿಳಿಯತಕ್ಕದ್ದು.

3. ಈ ಭಾಗದ ಪ್ರಾಚೀನ ಉದಾಹರಣೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿರುವ ಮೌರ್ಯ ಚಕ್ರವರ್ತಿ ಅಶೋಕನ ಕಿರು ಶಿಲಾಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಬ್ರಾಹ್ಮಿ ಲಿಪಿ ಹಾಗೂ ಪ್ರಾಕೃತ ಭಾಷೆಯಲ್ಲಿರುವ ಈ ಶಾಸನಗಳನ್ನು ಈ ಭಾಗದ ಅತಿ ಪ್ರಾಚೀನ ಸಾರ್ವಜನಿಕ ಪ್ರಕಟಣೆಗಳೆಂದು ಪರಿಗಣಿಸಬಹುದು.

ಬ್ರಹ್ಮಗಿರಿಯ ಶಾಸನದಲ್ಲಿ ಮನವೊಲಿಕೆಯ ಎಲ್ಲ ಅಂಗಗಳೂ ಕಂಡುಬರುತ್ತವೆ. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಎಂದು ಕಳುಹಿಸಿದವರ ಹಾಗೂ ಪಡೆಯುವವರ ಉಲ್ಲೇಖ ಮೊದಲಿಗೆ ಬರುತ್ತದೆ. ತಾನು ಆರಂಭದಲ್ಲಿ ಅಷ್ಟಾಗಿ ಶ್ರಮಿಸಲಿಲ್ಲವೆಂದೂ ನಂತರ ಹೆಚ್ಚು ಶ್ರಮಿಸಿದೆನೆಂದೂ ಅರಸನು ತನ್ನ ನಡೆಯನ್ನೇ ಮುಂದಿಡುತ್ತಾನೆ. ದೊಡ್ಡವರಿಗಷ್ಟೇ ಅಲ್ಲದೆ ಸಣ್ಣವರಿಗೂ ಪ್ರಯತ್ನದಿಂದ ಸ್ವರ್ಗ ಸಾಧ್ಯವೆಂಬ ಭರವಸೆಯನ್ನು ನೀಡುತ್ತಾನೆ. ಬಳಿಕ ತಂದೆತಾಯಿಗಳ ಮಾತನ್ನು ಪಾಲಿಸುವುದು, ಪ್ರಾಣಿಗಳಲ್ಲಿ ದಯೆ, ಸತ್ಯವನ್ನು ನುಡಿಯುವುದು, ಗುರುವಿಗೆ ಗೌರವ ಎಂದು ಪಾಲಿಸಬೇಕಾದುದನ್ನು ಒಂದೊಂದಾಗಿ ಹೇಳಲಾಗಿದೆ. ಕೊನೆಯಲ್ಲಿ ಬರೆದ ಲಿಪಿಕಾರ ಚಪಡನ ಹೆಸರೂ ಇದೆ.

ಯಾರು ಹೇಳಿದರು, ಯಾರಿಗೆ ಹೇಳಿದರು, ಏನನ್ನು ಮಾಡಲು ಹೇಳಿದರು, ಯಾರು ಬರೆದರು ಎಂಬ ನಾಲ್ಕೂ ಅಂಶಗಳು ಅಲ್ಲಿ ಸ್ಪಷ್ಟವಾಗಿವೆ. ಇಂದಿನ ಅನೇಕ ಜಾಹೀರಾತುಗಳಲ್ಲಿ ಇವುಗಳ ಪೈಕಿ ಒಂದೆರಡು ಮಾತ್ರ ದೊರೆಯುತ್ತವೆ. ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇಲ್ಲದ ಪ್ರಕಟಣೆಯನ್ನು ಅನುಮಾನದಿಂದಲೇ ನೋಡತಕ್ಕದ್ದು.

4. ಮನವೊಲಿಕೆಯ ಮೂರು ನೆಲೆಗಳು

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಮನವೊಲಿಕೆಯನ್ನು ಮೂರು ನೆಲೆಗಳಲ್ಲಿ ವಿಂಗಡಿಸಿದನು. ಇಂದಿನ ಜಾಹೀರಾತುಗಳಿಗೂ ಇದೇ ವಿಂಗಡಣೆ ಅನ್ವಯಿಸುತ್ತದೆ.

4.1 ಹೇಳುವವರ ಮೇಲಿನ ನಂಬಿಕೆ

ವೈದ್ಯರ ಬಿಳಿ ಕೋಟು, ಚಿತ್ರನಟರ ಮುಖ, ಸರ್ಕಾರದ ಲಾಂಛನವನ್ನು ಹೋಲುವ ಚಿಹ್ನೆ, ಮಠಮಂದಿರಗಳ ಚಿತ್ರ, ‘ನಮ್ಮೂರಿನವರೇ’ ಎಂಬ ಮಾತು ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಭಾರತೀಯ ನ್ಯಾಯದರ್ಶನವು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪುತ್ತದೆ. ಆದರೆ ಎಲ್ಲರ ಮಾತೂ ಪ್ರಮಾಣವಾಗುವುದಿಲ್ಲ. ಆಪ್ತನ ಮಾತು ಮಾತ್ರ ಪ್ರಮಾಣ. ವಿಷಯವನ್ನು ನೇರವಾಗಿ ಬಲ್ಲವನೂ, ಬಲ್ಲದ್ದನ್ನು ಇದ್ದಂತೆಯೇ ತಿಳಿಸುವ ಇಚ್ಛೆಯುಳ್ಳವನೂ ಆಪ್ತನೆನಿಸುತ್ತಾನೆ.

ಇದರಿಂದ ಎರಡು ಪ್ರಶ್ನೆಗಳು ದೊರೆಯುತ್ತವೆ. ಹೇಳುವವರಿಗೆ ಈ ವಿಷಯ ತಿಳಿದಿದೆಯೇ? ಇದ್ದಂತೆ ಹೇಳದಿದ್ದರೆ ಅವರಿಗೆ ಲಾಭವಿದೆಯೇ? ನಟರೊಬ್ಬರು ಅಭಿನಯದಲ್ಲಿ ಎಷ್ಟೇ ಪ್ರವೀಣರಾಗಿದ್ದರೂ ಕೊಳವೆಬಾವಿಯ ಪಂಪಿನ ಬಗ್ಗೆ ಆಪ್ತರಾಗುವುದಿಲ್ಲ. ಪಕ್ಕದ ಮನೆಯವರು ಒಳ್ಳೆಯವರೇ ಆಗಿದ್ದರೂ, ಸೇರಿಸಿದ ಪ್ರತಿ ಸದಸ್ಯರಿಗೆ ಕಮಿಷನ್ ಪಡೆಯುತ್ತಿದ್ದಲ್ಲಿ ಆ ವಿಷಯದಲ್ಲಿ ಅವರ ಮಾತನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ.

4.2 ಭಾವನೆ

ಭಯ, ಆಸೆ, ಮಕ್ಕಳ ಮೇಲಿನ ಮಮತೆ, ನಾಚಿಕೆ, ಹೆಮ್ಮೆ, ಊರಿನ ಅಭಿಮಾನ ಇವುಗಳನ್ನು ಮುಟ್ಟುವ ಮಾತುಗಳು ಈ ವರ್ಗಕ್ಕೆ ಸೇರುತ್ತವೆ. ‘ನಿಮ್ಮ ಮಗುವಿನ ಭವಿಷ್ಯ ನಿಮ್ಮ ಕೈಯಲ್ಲಿದೆ’ ಎಂಬ ಮಾತು ನಿಜವೇ. ಆದರೆ ಅದರಿಂದ ಆ ಪುಡಿಯಲ್ಲಿ ಪೌಷ್ಟಿಕಾಂಶವಿದೆ ಎಂಬುದು ಸಿದ್ಧವಾಗುವುದಿಲ್ಲ.

ಭಾವನೆಗೆ ಜೊತೆಯಾಗಿ ಬರುವುದು ಅವಸರ. ‘ಇನ್ನು ಎರಡೇ ಉಳಿದಿವೆ’, ‘ಸಂಜೆಯೊಳಗೆ ಹಣ ಕಟ್ಟಿ’ ಎಂಬ ಮಾತುಗಳ ಉದ್ದೇಶ ಮನೆಯವರೊಂದಿಗೆ ಚರ್ಚಿಸಲು ಸಮಯ ನೀಡದಿರುವುದೇ ಆಗಿರುತ್ತದೆ. ಇದೇ ರೀತಿ ‘ಊರೆಲ್ಲ ಸೇರಿದ್ದಾರೆ’ ಎಂಬ ಮಾತೂ, ಮೊದಲು ಉಚಿತ ಉಡುಗೊರೆ ನೀಡಿ ಋಣದ ಭಾವವನ್ನು ಹುಟ್ಟಿಸುವುದೂ ಪರಿಚಿತ ತಂತ್ರಗಳು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡಿನಿ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುರುತಿಸಿದ ಆರು ಸೂತ್ರಗಳಲ್ಲಿ ಕೊರತೆಯ ಭಯ, ಬಹುಜನರ ಅನುಸರಣೆ ಮತ್ತು ಋಣ ತೀರಿಸುವ ಭಾವ ಸೇರಿವೆ.

4.3 ತರ್ಕ ಮತ್ತು ಅಂಕಿಗಳು

ಅಂಕಿಗಳಿಂದ ಕೂಡಿದ ಜಾಹೀರಾತು ಹೆಚ್ಚು ನಂಬಿಕೆಗೆ ಅರ್ಹವೆಂದು ತೋರುತ್ತದೆ. ಅಂಕಿಗಳು ಸುಳ್ಳಾಗದೆಯೂ ದಾರಿ ತಪ್ಪಿಸಬಲ್ಲವು.

(ಅ) ‘ಶೇ. 50ರವರೆಗೆ ರಿಯಾಯಿತಿ’ ಎಂಬಲ್ಲಿ ‘ವರೆಗೆ’ ಎಂಬ ಪದವೇ ಮುಖ್ಯ. ಒಂದು ವಸ್ತುವಿಗೆ ಶೇ. 50, ಉಳಿದವುಗಳಿಗೆ ಶೇ. 5 ರಿಯಾಯಿತಿ ನೀಡಿದರೂ ಈ ವಾಕ್ಯವು ಅಕ್ಷರಶಃ ಸುಳ್ಳಾಗುವುದಿಲ್ಲ.

(ಆ) ‘ಎರಡು ಪಟ್ಟು ಉತ್ತಮ’ ಎಂಬಲ್ಲಿ ಯಾವುದಕ್ಕಿಂತ ಎಂಬುದನ್ನು ಕೇಳಬೇಕು.

(ಇ) ನಿಜವಾದರೂ ಅಪ್ರಸ್ತುತವಾದ ಹೇಳಿಕೆಗಳೂ ಇವೆ. ಇದಕ್ಕೆ ಅಡುಗೆ ಎಣ್ಣೆಯ ಉದಾಹರಣೆಯನ್ನು ಕಂಡಿಕೆ 6.2ರಲ್ಲಿ ನೀಡಲಾಗಿದೆ.

5. ಹೊಗಳಿಕೆ ಮತ್ತು ವಾಗ್ದಾನ

‘ಜಗತ್ತಿನಲ್ಲೇ ರುಚಿಯಾದ ಚಹಾ’ ಎಂಬುದನ್ನು ಯಾರೂ ಅಳೆಯಲಾರರು. ಇಂತಹ ಮಾತನ್ನು ವ್ಯಾಪಾರದ ಸಾಮಾನ್ಯ ಹೊಗಳಿಕೆ ಎಂದು ಕಾನೂನು ಪರಿಗಣಿಸುತ್ತದೆ. ಆದರೆ ಅಳೆಯಬಹುದಾದ ವಾಗ್ದಾನವನ್ನು ನೀಡಿ ಅನಂತರ ‘ಅದು ಕೇವಲ ಜಾಹೀರಾತು’ ಎನ್ನುವಂತಿಲ್ಲ.

ಈ ತತ್ವಕ್ಕೆ ಇಂಗ್ಲೆಂಡಿನ ಕಾರ್ಲಿಲ್ ಪ್ರಕರಣವು ಪ್ರಸಿದ್ಧ ನಿದರ್ಶನ. ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಸಾಧನವನ್ನು ದಿನಕ್ಕೆ ಮೂರು ಬಾರಿಯಂತೆ ಎರಡು ವಾರ ಬಳಸಿಯೂ ಶೀತಜ್ವರ ಬಂದಲ್ಲಿ 100 ಪೌಂಡ್ ನೀಡುವುದಾಗಿಯೂ, ಅದಕ್ಕಾಗಿ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿರುವುದಾಗಿಯೂ ಕಂಪನಿಯು ಪ್ರಕಟಿಸಿತ್ತು. ಸಾಧನ ಬಳಸಿಯೂ ಜ್ವರ ಬಂದ ಗ್ರಾಹಕಿಯು ಹಣ ಕೇಳಿದಾಗ ಅದು ಬರಿಯ ಹೊಗಳಿಕೆಯ ಮಾತೆಂದು ಕಂಪನಿಯು ವಾದಿಸಿತು. 1892ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಈ ವಾದವನ್ನು ತಿರಸ್ಕರಿಸಿತು. ಬ್ಯಾಂಕಿನಲ್ಲಿ ಹಣವಿಟ್ಟಿರುವುದಾಗಿ ಹೇಳಿದ್ದೇ ಆ ಮಾತು ಗಂಭೀರವಾದುದೆಂಬುದಕ್ಕೆ ಸಾಕ್ಷಿಯಾಯಿತು.

ಗ್ರಾಹಕರಿಗೆ ಇದರಿಂದ ದೊರೆಯುವ ಪಾಠವಿಷ್ಟೆ: ಅಳೆಯಬಹುದಾದ ವಾಗ್ದಾನವಿರುವ ಕರಪತ್ರವನ್ನು ಎಸೆಯದೆ ಕಾಯ್ದಿರಿಸಿಕೊಳ್ಳಬೇಕು. ಅದು ಮುಂದೆ ಸಾಕ್ಷ್ಯವಾಗುತ್ತದೆ.

6. ಈ ಭಾಗದಲ್ಲಿ ಗಮನಿಸಬೇಕಾದ ಕ್ಷೇತ್ರಗಳು

6.1 ಶೇಂಗಾ ಬಿತ್ತನೆ ಬೀಜ

‘ಎಕರೆಗೆ ಇಷ್ಟು ಕ್ವಿಂಟಾಲ್’ ಎಂಬ ಹೇಳಿಕೆಯು ನೀರಾವರಿ ಜಮೀನಿನ ಅಂಕಿಯೋ ಮಳೆಯಾಶ್ರಿತ ಜಮೀನಿನ ಅಂಕಿಯೋ ಎಂಬುದನ್ನು ಮೊದಲು ಕೇಳಬೇಕು. ಕೊಳವೆಬಾವಿಯ ನೀರಿನಲ್ಲಿ ದೊರೆತ ಇಳುವರಿಯು ನಿಜವೇ ಆಗಿದ್ದರೂ ಮಳೆಯನ್ನೇ ನಂಬಿದ ಹೊಲಕ್ಕೆ ಅನ್ವಯಿಸುವುದಿಲ್ಲ. ಚೀಲದ ಮೇಲಿನ ಹಸಿರು ಗಿಡದ ಚಿತ್ರವು ಸೆಳೆತ. ಚೀಲಕ್ಕೆ ಹೊಲಿದ ಚೀಟಿಯಲ್ಲಿರುವುದು ಹೇಳಿಕೆ. ಪ್ರಮಾಣಿತ ಬೀಜಕ್ಕೆ ನೀಲಿ ಬಣ್ಣದ ಚೀಟಿ ಇರುತ್ತದೆ. ಪ್ರಮಾಣಿತ ಶೇಂಗಾ ಬೀಜದ ಕನಿಷ್ಠ ಮೊಳಕೆ ಪ್ರಮಾಣ ಶೇ. 70 ಆಗಿದೆ.

ಬಿತ್ತನೆಗೆ ಮುಂಚೆ 100 ಬೀಜಗಳನ್ನು ಎಣಿಸಿ ಒದ್ದೆ ಗೋಣಿ ಚೀಲದಲ್ಲಿ ಸುತ್ತಿಟ್ಟು, ತೇವ ಆರದಂತೆ ನೋಡಿಕೊಂಡು, 10 ದಿನಗಳ ನಂತರ ಸರಿಯಾಗಿ ಮೊಳೆತವುಗಳನ್ನು ಎಣಿಸುವುದು ಸುಲಭ ಪರೀಕ್ಷೆ. ರಸೀದಿ, ಚೀಟಿ, ಖಾಲಿ ಚೀಲ ಹಾಗೂ ಸ್ವಲ್ಪ ಬೀಜವನ್ನು ಫಸಲು ಬರುವವರೆಗೂ ಕಾಯ್ದಿರಿಸುವುದು ಸೂಕ್ತ.

ಬೀಜ ಖರೀದಿಸಿದ ರೈತರೂ ಗ್ರಾಹಕರೇ ಆಗಿರುತ್ತಾರೆ. ರಾಷ್ಟ್ರೀಯ ಬೀಜ ನಿಗಮ ವಿರುದ್ಧ ಎಂ. ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿಯಲ್ಲಿ ನೆರೆಯ ಆಂಧ್ರಪ್ರದೇಶದ ರೈತರ ಪರವಾಗಿ ತೀರ್ಪು ನೀಡಿ, ದೋಷಪೂರಿತ ಬೀಜದ ಬಗ್ಗೆ ಗ್ರಾಹಕರ ವೇದಿಕೆಯಲ್ಲಿ ದೂರು ಸಲ್ಲಿಸಬಹುದೆಂದು ಎತ್ತಿಹಿಡಿದಿದೆ. ಪರೀಕ್ಷೆಗೆ ಬೀಜ ಉಳಿಸಲಿಲ್ಲವೆಂಬ ಒಂದೇ ಕಾರಣಕ್ಕೆ ರೈತರ ದೂರನ್ನು ತಳ್ಳಿಹಾಕಲಾಗದೆಂದೂ ಆ ತೀರ್ಪಿನಿಂದ ತಿಳಿದುಬರುತ್ತದೆ.

6.2 ಅಡುಗೆ ಎಣ್ಣೆ

ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಯು ‘ಎಣ್ಣೆ ನಗರ’ ಎಂದೂ, ಎಣ್ಣೆ ವ್ಯಾಪಾರದಲ್ಲಿ ‘ಎರಡನೆಯ ಮುಂಬಯಿ’ ಎಂದೂ ಹೆಸರಾಗಿದೆ. ಡಬ್ಬಿಯ ಮೇಲೆ ಊರಿನ ಹೆಸರಿದ್ದ ಮಾತ್ರಕ್ಕೆ ಒಳಗಿರುವುದು ಶುದ್ಧ ಶೇಂಗಾ ಎಣ್ಣೆಯೆಂದು ತಿಳಿಯಲಾಗದು. ಮಿಶ್ರ ಎಣ್ಣೆಯಾಗಿದ್ದಲ್ಲಿ ಯಾವ ಎಣ್ಣೆ ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ಚೀಟಿಯಲ್ಲಿ ನಮೂದಿಸತಕ್ಕದ್ದು. ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನೂ ಪರಿಶೀಲಿಸಬೇಕು.

‘ಕೊಲೆಸ್ಟ್ರಾಲ್ ಇಲ್ಲ’ ಎಂಬುದು ನಿಜವಾದರೂ ಆಯ್ಕೆಗೆ ಸಹಾಯ ಮಾಡದ ಹೇಳಿಕೆ. ಕೊಲೆಸ್ಟ್ರಾಲ್ ಪ್ರಾಣಿಜನ್ಯ ಆಹಾರದಲ್ಲಿ ಇರುವಂತಹುದು. ಶೇಂಗಾ, ಸೂರ್ಯಕಾಂತಿ, ಎಳ್ಳು ಯಾವ ಸಸ್ಯಜನ್ಯ ಎಣ್ಣೆಯಲ್ಲಿಯೂ ಅದು ಗಣನೀಯ ಪ್ರಮಾಣದಲ್ಲಿ ಇರುವುದಿಲ್ಲ. ಎಲ್ಲದರಲ್ಲೂ ಇರುವ ಗುಣವನ್ನು ತನ್ನೊಬ್ಬನದೇ ಎಂಬಂತೆ ಹೇಳುವುದೇ ಇಲ್ಲಿನ ತಂತ್ರ.

ಬೆಲೆಯ ಹೋಲಿಕೆಯಲ್ಲಿಯೂ ಎಚ್ಚರ ಅಗತ್ಯ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ ಮಾತ್ರ. ಉದಾಹರಣೆಗೆ ಒಂದು ಲೀಟರ್ ಪೊಟ್ಟಣಕ್ಕೆ ರೂ. 182 ಮತ್ತು ಒಂದು ಕಿಲೋ ಡಬ್ಬಿಗೆ ರೂ. 195 ಎಂದಿದ್ದಲ್ಲಿ ಮೊದಲನೆಯದು ಅಗ್ಗವೆಂದು ತೋರುತ್ತದೆ. ಲೆಕ್ಕ ಹಾಕಿದರೆ ಮೊದಲನೆಯದು ಕಿಲೋಗೆ ರೂ. 200 ಆಗುತ್ತದೆ.

6.3 ಮೊಳಕಾಲ್ಮೂರು ರೇಷ್ಮೆ ಸೀರೆ

ಮೊಳಕಾಲ್ಮೂರು ಸೀರೆಯು 1999ರ ಭೌಗೋಳಿಕ ಸೂಚಕಗಳ ಅಧಿನಿಯಮದಡಿ ನೋಂದಣಿ ಪಡೆದಿದೆ. ಅಂದರೆ ಆ ಹೆಸರು ಬರಿಯ ಹೊಗಳಿಕೆಯಲ್ಲ. ನಿರ್ದಿಷ್ಟ ಪ್ರದೇಶ ಹಾಗೂ ನೇಯ್ಗೆಯ ಕ್ರಮವನ್ನು ಸೂಚಿಸುವ ಹೇಳಿಕೆ. ಬೇರೆಡೆ ವಿದ್ಯುತ್ ಮಗ್ಗದಲ್ಲಿ ತಯಾರಾದ ಬಟ್ಟೆಯನ್ನು ಇದೇ ಹೆಸರಿನಲ್ಲಿ ಮಾರಿದರೆ ಗ್ರಾಹಕರಿಗೆ ಹಣದ ನಷ್ಟ, ನೇಕಾರರಿಗೆ ಜೀವನೋಪಾಯದ ನಷ್ಟ.

ಮದುವೆಯ ಖರೀದಿಯಲ್ಲಿ ಭಾವನೆಯ ಸೆಳೆತ ಹೆಚ್ಚಾಗಿರುತ್ತದೆ. ಆ ಸಂದರ್ಭದಲ್ಲಿ ಮೂರು ಹೇಳಿಕೆಗಳನ್ನು ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು. ‘ಶುದ್ಧ ರೇಷ್ಮೆ’ ಎಂಬುದಕ್ಕೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿ ಆಧಾರ. ‘ಕೈಮಗ್ಗ’ ಎಂಬುದಕ್ಕೆ 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಆಧಾರ. ‘ಮೊಳಕಾಲ್ಮೂರು’ ಎಂಬುದಕ್ಕೆ ಭೌಗೋಳಿಕ ಸೂಚಕದ ಗುರುತು ಆಧಾರ. ಒಂದು ಇದ್ದ ಮಾತ್ರಕ್ಕೆ ಉಳಿದೆರಡು ಇವೆಯೆಂದು ಅರ್ಥವಲ್ಲ. ಸಂದೇಹವಿದ್ದಲ್ಲಿ ಸೆರಗಿನ ಅಂಚಿನಿಂದ ತೆಗೆದ ಒಂದೆರಡು ಎಳೆಗಳನ್ನು ಸುಟ್ಟು ನೋಡಬಹುದು. ರೇಷ್ಮೆಯು ಸುಟ್ಟ ಕೂದಲಿನ ವಾಸನೆ ನೀಡಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತದೆ.

6.4 ನಿವೇಶನಗಳು

ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲು ಪ್ರದೇಶದಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಜಮೀನು ನೀಡಲಾಗಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವು 2017ರಲ್ಲಿ ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯು ಪುನರ್ಬಳಕೆಯ ಉಡಾವಣಾ ವಾಹನವನ್ನು ಅಲ್ಲಿಯೇ ಇಳಿಸಿ ಪರೀಕ್ಷಿಸಿತು. ಇವು ನಿಜ ಸಂಗತಿಗಳು. ಆದರೆ ‘ವಿಜ್ಞಾನ ನಗರಿಯ ಸಮೀಪ’ ಎಂದು ಒಂದು ಬಡಾವಣೆಯ ಜಾಹೀರಾತು ಹೇಳಿದಾಗ, ಆ ಸಂಸ್ಥೆಗಳ ಗೌರವವನ್ನು ಬಡಾವಣೆಯು ಎರವಲು ಪಡೆದಂತಾಗುತ್ತದೆ. ಸಂಸ್ಥೆ ಇರುವುದರಿಂದ ಆ ನಿವೇಶನಕ್ಕೆ ಭೂಪರಿವರ್ತನೆ ಆಗಿದೆಯೆಂಬುದು ಸಿದ್ಧವಾಗುವುದಿಲ್ಲ.

2016ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮದಂತೆ 500 ಚದರ ಮೀಟರಿಗಿಂತ ಹೆಚ್ಚಿನ ಜಮೀನಿನ ಬಡಾವಣೆಯನ್ನು ನೋಂದಣಿಗೆ ಮುಂಚೆ ಜಾಹೀರಾತು ಮಾಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರತಕ್ಕದ್ದು. ಜಾಹೀರಾತಿನ ಸುಳ್ಳು ಹೇಳಿಕೆಯನ್ನು ನಂಬಿ ಮುಂಗಡ ನೀಡಿ ನಷ್ಟಕ್ಕೊಳಗಾದವರು ಸದರಿ ಅಧಿನಿಯಮದ 12ನೇ ಪ್ರಕರಣದಂತೆ ಪರಿಹಾರಕ್ಕೆ ಅರ್ಹರಾಗಿರುತ್ತಾರೆ.

6.5 ಅಧಿಕ ಬಡ್ಡಿಯ ಠೇವಣಿಗಳು

ತಿಂಗಳಿಗೆ ಶೇ. 5 ಎಂದರೆ ವರ್ಷಕ್ಕೆ ಶೇ. 60. ಹೋಲಿಕೆಗಾಗಿ, 2023ರ ಏಪ್ರಿಲ್ 1ರಿಂದ ಅನ್ವಯಿಸಿದ ದರದಂತೆ ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದಲ್ಲಿ ಹಣ ದ್ವಿಗುಣವಾಗಲು 115 ತಿಂಗಳು ಬೇಕು. ‘18 ತಿಂಗಳಲ್ಲಿ ದುಪ್ಪಟ್ಟು’ ಎನ್ನುವವರು ಯಾವ ವ್ಯವಹಾರದಿಂದ ಅಷ್ಟು ಲಾಭ ಬರುತ್ತದೆಂದು ತೋರಿಸಬೇಕಾಗುತ್ತದೆ.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ, ಮೊದಲ ಕೆಲವು ತಿಂಗಳ ಪಾವತಿಯೇ ಇಂತಹ ಯೋಜನೆಗಳ ನಿಜವಾದ ಜಾಹೀರಾತು. ಒಬ್ಬರು ರೂ. 1,00,000 ಕಟ್ಟಿ ತಿಂಗಳಿಗೆ ರೂ. 5,000ದಂತೆ 10 ತಿಂಗಳು ಪಡೆದರೆಂದು ಭಾವಿಸೋಣ. ಅವರು ಸಂತೋಷದಿಂದ ಬಂಧುಗಳನ್ನೂ ಸೇರಿಸುತ್ತಾರೆ. ಆದರೆ ಅವರಿಗೆ ಬಂದ ರೂ. 50,000 ಅವರದೇ ಅಸಲಿನ ಅರ್ಧ ಮಾತ್ರ. 11ನೇ ತಿಂಗಳು ಕಚೇರಿ ಮುಚ್ಚಿದರೆ ಅವರಿಗೆ ರೂ. 50,000 ನಷ್ಟ, ಅವರನ್ನು ನಂಬಿ ಕೊನೆಗೆ ಸೇರಿದ ಬಂಧುವಿಗೆ ಬಹುತೇಕ ಪೂರ್ಣ ನಷ್ಟ.

2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಅಧಿನಿಯಮದಂತೆ ಇಂತಹ ಯೋಜನೆಯನ್ನು ನಡೆಸುವುದಷ್ಟೇ ಅಲ್ಲದೆ ಅದರ ಜಾಹೀರಾತು ನೀಡುವುದೂ ನಿಷಿದ್ಧ. ಕರ್ನಾಟಕದಲ್ಲಿ ಹಣಕಾಸು ಸಂಸ್ಥೆಗಳ ಠೇವಣಿದಾರರ ಹಿತರಕ್ಷಣೆಗಾಗಿ 2004ರ ಪ್ರತ್ಯೇಕ ಅಧಿನಿಯಮವೂ ಇದೆ. ಸಂಸ್ಥೆಗೆ ಠೇವಣಿ ಪಡೆಯಲು ಅನುಮತಿ ಇದೆಯೇ ಎಂಬುದನ್ನು ಭಾರತೀಯ ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ನೋಡಬಹುದು.

6.6 ಔಷಧಗಳು

ಮಧುಮೇಹ, ಕ್ಯಾನ್ಸರ್, ಮೂತ್ರಪಿಂಡದ ಕಲ್ಲು ಮುಂತಾದ ರೋಗಗಳನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮವು ನಿಷೇಧಿಸಿದೆ. ಜಾತ್ರೆ, ಸಂತೆಗಳಲ್ಲಿ ಧ್ವನಿವರ್ಧಕದ ಮೂಲಕ ಹೇಳಿದರೂ ಈ ನಿಷೇಧ ಅನ್ವಯಿಸುತ್ತದೆ. ‘ಗುಣವಾದವರ’ ಮಾತನ್ನು ಕೇಳಿ, ಸೇವಿಸುತ್ತಿರುವ ಔಷಧವನ್ನು ವೈದ್ಯರ ಸಲಹೆ ಇಲ್ಲದೆ ನಿಲ್ಲಿಸಬಾರದು.

6.7 ಸರ್ಕಾರಿ ಸೇವೆಗಳ ಹೆಸರಿನಲ್ಲಿ ಮನವೊಲಿಕೆ

ಪಡಿತರ ಚೀಟಿ, ಪಿಂಚಣಿ, ಕೊಳವೆಬಾವಿ ಸೌಲಭ್ಯಗಳನ್ನು ‘ಒಳಗಿನವರ ಪರಿಚಯದಿಂದ’ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳ ಮಾತಿನಲ್ಲಿ ನಂಬಿಕೆ, ಭಯ, ಅವಸರ ಮೂರೂ ಸೇರಿರುತ್ತವೆ. ಸಕಾಲ ಸೇವೆಗಳ 2011ರ ಅಧಿನಿಯಮದ ವ್ಯಾಪ್ತಿಗೆ ಸೇರಿದ ಪ್ರತಿ ಅರ್ಜಿಗೂ ಸ್ವೀಕೃತಿ ಹಾಗೂ ಜಿ.ಎಸ್.ಸಿ. ಸಂಖ್ಯೆ ನೀಡತಕ್ಕದ್ದು. ಆ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ಅರ್ಜಿದಾರರೇ ತಿಳಿಯಬಹುದು. ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500 ಪರಿಹಾರಕ್ಕೆ ಅವಕಾಶವಿದೆ. ಸ್ವೀಕೃತಿ ಇಲ್ಲದೆ ಯಾರಿಗೂ ಹಣ ಅಥವಾ ಮೂಲ ದಾಖಲೆ ನೀಡಬಾರದು. ಒ.ಟಿ.ಪಿ.ಯನ್ನು ಯಾರಿಗೂ ತಿಳಿಸಬಾರದು.

7. ಹಣ ಪಾವತಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

(1) ಹೇಳುತ್ತಿರುವವರು ಯಾರು? ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇದೆಯೇ?
(2) ನಾನು ಒಪ್ಪಿದರೆ ಅವರಿಗೆ ಏನು ಲಾಭ?
(3) ಚಿತ್ರ, ಹಾಡು, ಹೊಗಳಿಕೆಗಳನ್ನು ತೆಗೆದರೆ ಉಳಿಯುವ ಹೇಳಿಕೆ ಯಾವುದು?
(4) ಆ ಹೇಳಿಕೆಗೆ ಬರಹದ ಆಧಾರವಿದೆಯೇ? ರಸೀದಿಯಲ್ಲಿ ಅದನ್ನು ಬರೆದುಕೊಡುವರೇ?
(5) ಅಂಕಿಯು ಯಾವ ಪರಿಸ್ಥಿತಿಯಲ್ಲಿ ದೊರೆತದ್ದು? ಯಾವುದಕ್ಕೆ ಹೋಲಿಸಲಾಗಿದೆ?
(6) ನಾಳೆ ನಿರ್ಧರಿಸಿದರೆ ಏನು ನಷ್ಟ?

ನಾಲ್ಕನೆಯ ಪ್ರಶ್ನೆಗೆ ‘ಬರೆದುಕೊಡಲಾಗದು’ ಎಂಬ ಉತ್ತರ ಬಂದಲ್ಲಿ ವ್ಯವಹಾರವನ್ನು ಮುಂದುವರಿಸದಿರುವುದು ಕ್ಷೇಮ.

8. ಕಾನೂನಿನ ರಕ್ಷಣೆ

2019ರ ಗ್ರಾಹಕರ ಸಂರಕ್ಷಣಾ ಅಧಿನಿಯಮವು 1986ರ ಅಧಿನಿಯಮದ ಸ್ಥಾನದಲ್ಲಿ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಸುಳ್ಳು ವಿವರಣೆ, ಸುಳ್ಳು ಖಾತರಿ ಹಾಗೂ ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವುದು ದಾರಿತಪ್ಪಿಸುವ ಜಾಹೀರಾತು ಎನಿಸುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಇಂತಹ ಜಾಹೀರಾತಿಗೆ ರೂ. 10 ಲಕ್ಷದವರೆಗೆ, ಪುನರಾವರ್ತನೆಯಾದಲ್ಲಿ ರೂ. 50 ಲಕ್ಷದವರೆಗೆ ದಂಡ ವಿಧಿಸಬಹುದು. ಜಾಹೀರಾತಿನಲ್ಲಿ ಕಾಣಿಸಿಕೊಂಡು ಸಮರ್ಥಿಸಿದ ವ್ಯಕ್ತಿಗಳಿಗೂ ದಂಡ ಹಾಗೂ ನಿರ್ಬಂಧ ವಿಧಿಸಲು ಅವಕಾಶವಿದೆ.

2022ರ ಜೂನ್ 9ರಂದು ಪ್ರಕಟವಾದ ಮಾರ್ಗಸೂಚಿಗಳಂತೆ, ಷರತ್ತುಗಳು ಹೇಳಿಕೆ ಇರುವ ಭಾಷೆಯಲ್ಲಿಯೇ ಇರತಕ್ಕದ್ದು. ಅಂದರೆ ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲಿ ಆಶ್ವಾಸನೆ ನೀಡಿ, ಷರತ್ತುಗಳನ್ನು ಮಾತ್ರ ಸಣ್ಣ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಮುದ್ರಿಸುವುದು ಮಾರ್ಗಸೂಚಿಗೆ ವಿರುದ್ಧ. ಆನ್‌ಲೈನ್ ಖರೀದಿಯಲ್ಲಿ ಸುಳ್ಳು ಅವಸರ ಹುಟ್ಟಿಸುವುದು ಮುಂತಾದ 13 ಬಗೆಯ ತಂತ್ರಗಳನ್ನು 2023ರ ನವೆಂಬರ್ 30ರ ಮಾರ್ಗಸೂಚಿಗಳು ಗುರುತಿಸಿವೆ.

9. ದೂರು ಸಲ್ಲಿಸುವ ವಿಧಾನ

(1) ಮಾರಾಟಗಾರರಿಗೆ ಲಿಖಿತ ದೂರು ನೀಡಿ ಪ್ರತಿಯನ್ನು ಇಟ್ಟುಕೊಳ್ಳುವುದು.
(2) ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು. ಕನ್ನಡದಲ್ಲಿ ಮಾತನಾಡಬಹುದು.
(3) ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಅಧಿನಿಯಮದ 17ನೇ ಪ್ರಕರಣದಂತೆ ಜಿಲ್ಲಾಧಿಕಾರಿಗಳಿಗೆ ಅಥವಾ ಕೇಂದ್ರ ಪ್ರಾಧಿಕಾರಕ್ಕೆ ದೂರು ಸಲ್ಲಿಸುವುದು.
(4) ಪರಿಹಾರ ಕೋರಿ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸುವುದು. ಪಾವತಿಸಿದ ಮೊತ್ತ ರೂ. 50 ಲಕ್ಷದವರೆಗೆ ಇದ್ದಲ್ಲಿ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. ರೂ. 5 ಲಕ್ಷದವರೆಗೆ ಶುಲ್ಕವಿರುವುದಿಲ್ಲ.
(5) ಮೊಬೈಲ್ ಅಥವಾ ಅಂತರ್ಜಾಲದ ಮೂಲಕ ಹಣ ವಂಚನೆಯಾದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡುವುದು.

ಲಗತ್ತಿಸಬೇಕಾದ ದಾಖಲೆಗಳು: ರಸೀದಿ, ಕರಪತ್ರ ಅಥವಾ ಜಾಹೀರಾತಿನ ಪ್ರತಿ, ಪೊಟ್ಟಣ ಅಥವಾ ಚೀಟಿ, ಹಣ ಪಾವತಿಯ ವಿವರ, ಪತ್ರವ್ಯವಹಾರದ ಪ್ರತಿಗಳು. ಮೊಬೈಲಿನಲ್ಲಿ ಬಂದ ಜಾಹೀರಾತಾಗಿದ್ದಲ್ಲಿ ದಿನಾಂಕ ಕಾಣುವಂತೆ ಪರದೆಯ ಚಿತ್ರ ತೆಗೆದಿಡಬೇಕು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಾರಾಟಗಾರರು ಆಂಧ್ರಪ್ರದೇಶದಲ್ಲಿ ಅಥವಾ ಬೆಂಗಳೂರಿನಲ್ಲಿದ್ದಾರೆ. ಅಲ್ಲಿಗೇ ಹೋಗಿ ದೂರು ನೀಡಬೇಕೆ?
ಉತ್ತರ: ಅಗತ್ಯವಿಲ್ಲ. 2019ರ ಅಧಿನಿಯಮದಂತೆ ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು.

ಪ್ರಶ್ನೆ: ವಕೀಲರನ್ನು ನೇಮಿಸುವುದು ಕಡ್ಡಾಯವೇ?
ಉತ್ತರ: ಕಡ್ಡಾಯವಲ್ಲ. ದೂರುದಾರರು ಸ್ವತಃ ವಾದ ಮಂಡಿಸಬಹುದು.

ಪ್ರಶ್ನೆ: ಅಂಗಡಿಯವರು ರಸೀದಿ ನೀಡಲು ನಿರಾಕರಿಸಿದರೆ?
ಉತ್ತರ: ರಸೀದಿ ನೀಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯಾಗಿದ್ದು, ಅದರ ಬಗ್ಗೆಯೇ ದೂರು ನೀಡಬಹುದು.

ಪ್ರಶ್ನೆ: ಪರಿಚಿತರು ಸೇರಿಸಿದ ಯೋಜನೆಯ ಬಗ್ಗೆ ದೂರು ನೀಡಿದರೆ ಸಂಬಂಧ ಕೆಡುವುದಿಲ್ಲವೇ?
ಉತ್ತರ: ಬಹುತೇಕ ಸಂದರ್ಭಗಳಲ್ಲಿ ಸೇರಿಸಿದವರೂ ನಷ್ಟಕ್ಕೊಳಗಾದವರೇ ಆಗಿರುತ್ತಾರೆ. ಇಬ್ಬರೂ ಒಟ್ಟಾಗಿ ಬೇಗನೆ ದೂರು ನೀಡಿದಲ್ಲಿ ಸಂಸ್ಥೆಯ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಅವಕಾಶ ಹೆಚ್ಚುತ್ತದೆ.

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಮನೆಯ ಹಿರಿಯರಿಗೂ ಓದಲು ಬಾರದ ನೆರೆಹೊರೆಯವರಿಗೂ ಓದಿ ತಿಳಿಸಬೇಕಾಗಿ ಕೋರಲಾಗಿದೆ.